ಕೈಂಡ್ ಅಂದರೆ ದಯೆನೋ, ಜಾತಿನೋ?

ಪ್ರಶ್ನೆ: ಕುಷ್ಟಗಿ ಟೀಚರ್

ಎಲ್ಲರಿಗೂ ನಮಸ್ಕಾರ. ಕುಷ್ಟಗಿ ತಾಲೂಕಿನ ಒಂದು ಹಳ್ಳಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಂದರೆ ಬಾಯಿಪಾಠ ಮಾಡಿ ಪಾಸಾಗೋ ವಿಷಯ. ಪದದ ಒಳಗೆ ಏನಿದೆ ಅಂತ ಕೇಳೋರು ಕಮ್ಮಿ. ಆದರೆ ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದಾನೆ. ಸುಮ್ನೆ ಕೂರೋ ಪೈಕಿ ಅಲ್ಲ.

ಬೋರ್ಡ್ ಮೇಲೆ 'ಶಿ ಈಸ್ ಕೈಂಡ್' ಅಂತ ಬರೆದು, ಕೈಂಡ್ ಅಂದರೆ ದಯೆ ಇರುವವಳು ಅಂದೆ. ಅವನು ಎದ್ದು ನಿಂತ. "ಟೀಚರ್, ಅವತ್ತು 'ವಾಟ್ ಕೈಂಡ್ ಆಫ್ ಟ್ರೀ' ಅಂದ್ರ ಯಾವ ಜಾತಿ ಗಿಡ ಅಂದಿದ್ರಿ. ಇವತ್ತು ದಯೆ ಅಂತೀರಿ. ದಯೆನೋ, ಜಾತಿನೋ, ಒಂದು ಹೇಳ್ರಿ." ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಾಳೆ ಹೇಳ್ತೀನಿ ಕೂಡಪ್ಪಾ ಅಂದೆ.

ನನ್ನ ಹತ್ತಿರ ಇರೋ ನಿಘಂಟಿನಲ್ಲಿ ಎರಡು ಅರ್ಥವೂ ಒಂದರ ಕೆಳಗೆ ಒಂದು ಇವೆ. ಅವಕ್ಕೆ ಸಂಬಂಧ ಇದೆಯೋ ಇಲ್ಲವೋ ಹೇಳಿಲ್ಲ. ಹುಡುಗ ನನ್ನ ತಲೆಯಲ್ಲೂ ಹುಳ ಬಿಟ್ಟ. ಗೈಡ್ ತೆಗೆದು ನೋಡಿದರೆ ಮರ್ಸಿ ಅಂದರೂ ದಯೆ, ಪಿಟಿ ಅಂದರೂ ದಯೆ, ಕಂಪ್ಯಾಷನ್ ಅಂದರೂ ದಯೆ. ಇಷ್ಟೊಂದು ಪದ ಇವರಿಗೆ ಯಾಕೆ ಬೇಕಾಯಿತು? ಎಲ್ಲಾ ಒಂದೇ ಆದರೆ ಒಂದು ಸಾಕಲ್ವಾ?

ಇಂಗ್ಲಿಷ್ ಪದಗಳ ಹುಟ್ಟು ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ. ಮಕ್ಕಳ ತಲೆಗೆ ಹತ್ತೋ ಹಾಗೆ ಇರಲಿ. ಗೂಗಲ್ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡಿಯೇ ಇಲ್ಲಿಗೆ ಬಂದಿದ್ದೇನೆ.

ಹಳೇ ಗುಮಾಸ್ತ, ಬಳ್ಳಾರಿ

ಟೀಚರಮ್ಮಾ, ನಿಮ್ಮ ಹುಡುಗ ನಗೋಕೆ ಕೇಳಿದ್ದರೂ ಸರಿಯಾದ ಕಡೆಯೇ ಕೈ ಹಾಕಿದ್ದಾನೆ. ಎರಡೂ ಒಂದೇ ಪದ. ಮೊದಲು ಜಾತಿ, ಆಮೇಲೆ ದಯೆ.

ನಾನು ಪಂಡಿತ ಅಲ್ಲ. ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ ಗುಮಾಸ್ತನಾಗಿ ರಿಟೈರ್ ಆದವನು. ಕೌಲ್ ಬಜಾರ್‌ನಲ್ಲಿ ಮನೆ. ಬೆನ್ನು ಕಿತ್ತುಹೋದ ಒಂದು ದಪ್ಪ ಇಂಗ್ಲಿಷ್ ನಿಘಂಟು ಇದೆ, ಮಧ್ಯಾಹ್ನ ಬಿಸಿಲಿಗೆ ಹೊರಗೆ ಹೋಗೋ ಹಾಗಿಲ್ಲ, ಹಾಗಾಗಿ ಅದನ್ನೇ ಓದುತ್ತೇನೆ. ದೊಡ್ಡ ನಿಘಂಟುಗಳಲ್ಲಿ ಅರ್ಥ ಎಲ್ಲಾ ಮುಗಿದ ಮೇಲೆ ಚೌಕ ಕಂಸದೊಳಗೆ ಸಣ್ಣ ಅಕ್ಷರದಲ್ಲಿ ಪದದ ಹುಟ್ಟು ಕೊಟ್ಟಿರುತ್ತಾರೆ. ಯಾರೂ ಓದೋದಿಲ್ಲ. ರುಚಿ ಇರೋದೇ ಅಲ್ಲಿ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದವನ್ನು ಹೆಚ್ಚುಕಮ್ಮಿ 'ಕ್ಯುಂಡ್' ಅಂತ ಹೇಳುತ್ತಿದ್ದರು. ಹುಟ್ಟು, ಹುಟ್ಟುಗುಣ, ಕುಲ ಅಂತ ಅರ್ಥ. ಒಬ್ಬರ ಬಗ್ಗೆ 'ಕೈಂಡ್' ಅಂದರೆ ಹುಟ್ಟಿನಿಂದ ಬಂದ ಗುಣ ಇರುವವರು ಅಂತ ಅಷ್ಟೇ. 1300ರ ಸುಮಾರಿಗೆ ಅದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು. ತನ್ನ ರಕ್ತಸಂಬಂಧಿಗಳ ಜೊತೆ ಮನುಷ್ಯ ಹೇಗಿರುತ್ತಾನೋ ಹಾಗೆ ಇರೋನು 'ಕೈಂಡ್'. ಅಲ್ಲಿಂದ ಮುಂದೆ ರಕ್ತಸಂಬಂಧ ಬಿಟ್ಟುಹೋಯಿತು, ದಯೆ ಉಳಿಯಿತು. ನೆಂಟ ಅನ್ನೋದಕ್ಕೆ 'ಕಿನ್' ಅಂತಾರಲ್ಲ, ಅದೇ ಮನೆಯ ಪದ. ರಾಜ ಅನ್ನೋ 'ಕಿಂಗ್' ಕೂಡ ಅದೇ ಕುಲದ್ದು ಅಂತಾರೆ ಪಂಡಿತರು. 'ಮ್ಯಾನ್‌ಕೈಂಡ್' ಅಂದರೆ ಮನುಷ್ಯಕುಲ, ಅಲ್ಲಿ ಹಳೇ ಅರ್ಥ ಇನ್ನೂ ಹಾಗೇ ಕೂತಿದೆ.

ಜರ್ಮನ್ ಭಾಷೆಯಲ್ಲಿ 'ಕಿಂಡ್' ಅಂದರೆ ಮಗು. ಎಲ್‌ಕೆಜಿ, ಯುಕೆಜಿ ಅಂತೀವಲ್ಲ, ಅದರ ನಡುವಿನ 'ಕೆ' ಅದೇ. ಕಿಂಡರ್‌ಗಾರ್ಟನ್, ಮಕ್ಕಳ ತೋಟ. 1840ರಲ್ಲಿ ಫ್ರೋಬೆಲ್ ಅನ್ನೋ ಮೇಷ್ಟ್ರು ತನ್ನ ಶಾಲೆಗೆ ಇಟ್ಟ ಹೆಸರು. ಇದನ್ನ ಕ್ಲಾಸಿನಲ್ಲಿ ಹೇಳಿ, ಮಕ್ಕಳು ಮರೆಯೋದಿಲ್ಲ.

ಇನ್ನು ಜಾತಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಭಾಷಣ ಮಾಡಿದ. ಆಮೇಲೆ ಬಂದವರು ಪದ ಪದ ಇಟ್ಟು ಹೊಂದಿಸಿ ತೋರಿಸಿದರು. ಹುಟ್ಟು ಅನ್ನೋ ಅರ್ಥದ ಒಂದು ಹಳೇ ಬೇರು. ಅದರಿಂದ ಲ್ಯಾಟಿನ್ನಿನ 'ಗೇನಸ್', ಇಂಗ್ಲಿಷಿನ ಕೈಂಡ್, ಸಂಸ್ಕೃತದ ಜನ, ಜನ್ಮ, ಜನಕ, ಜಾತಿ. ನಾವು ಅವನ್ನು ಸಂಸ್ಕೃತದಿಂದ ತಗೊಂಡು ನಮ್ಮವೇ ಮಾಡಿಕೊಂಡಿದ್ದೇವೆ. ಅಂದರೆ ಕೈಂಡ್ ಮತ್ತು ಜಾತಿ ದೂರದ ದಾಯಾದಿಗಳು. ಅಲ್ಲಿ ಆ ಬೇರು ದಯೆ ಆಯಿತು. ಇಲ್ಲಿ ಏನಾಯಿತು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಇಂಗ್ಲಿಷರನ್ನು ಜಾಸ್ತಿ ಹೊಗಳೋದು ಬೇಡ. ಅವರ ಪಟ್ಟಿ ನೋಡಿ. 'ಜೆಂಟಲ್' ಲ್ಯಾಟಿನ್ನಿನಲ್ಲಿ ಒಂದೇ ಕುಲದವನು, ಫ್ರೆಂಚಿಗೆ ಬಂದು ದೊಡ್ಡ ಮನೆತನದವನು. ಇಂಗ್ಲಿಷಿಗೂ ಹಾಗೇ ಬಂತು. ಸೌಮ್ಯ ಅನ್ನೋ ಅರ್ಥ 1500ರ ನಂತರದ್ದು. 'ಜೆನರಸ್' ಕೂಡ ಅಷ್ಟೇ, ಮೊದಲು ಕುಲೀನ, ಆಮೇಲೆ ಕೈಬಿಚ್ಚಿ ಕೊಡುವವನು. ಇವೆರಡೂ ಅದೇ ಹುಟ್ಟಿನ ಬೇರಿನವು. ದೊಡ್ಡ ಮನೆಯವರು ಒಳ್ಳೆಯವರಾಗಿರುತ್ತಾರೆ ಅನ್ನೋದು ದೊಡ್ಡ ಮನೆಯವರೇ ಹೊರಡಿಸಿದ ಸುದ್ದಿ. ನಾವೂ 'ಮನೆತನಸ್ಥರು' ಅಂದರೆ ಮರ್ಯಾದಸ್ಥರು ಅಂತ ತಿಳಿಯುತ್ತೇವೆ, ಅಲ್ವಾ? ಅದರ ಇನ್ನೊಂದು ಮುಖ 'ವಿಲನ್'. ಸಾಹುಕಾರರ ಹೊಲಮನೆಗೆ 'ವಿಲ್ಲಾ' ಅಂತಿದ್ದರು. ಅಲ್ಲಿ ದುಡಿಯೋ ರೈತ ವಿಲನ್. ಅವನು ಮಾಡಿದ ತಪ್ಪು ಬಡವನಾಗಿದ್ದದ್ದು. ಈಗ ಸಿನಿಮಾದಲ್ಲಿ ಹೀರೋ ಕೈಯಲ್ಲಿ ಒದೆ ತಿನ್ನುತ್ತಾನೆ.

ನೈಸ್ ಮತ್ತು ಸಿಲ್ಲಿ ಇನ್ನೂ ಮಜಾ. ಒಂದು ಮೇಲಕ್ಕೆ ಹತ್ತಿತು, ಇನ್ನೊಂದು ಕೆಳಕ್ಕೆ ಇಳಿಯಿತು. 'ನೈಸ್' ಲ್ಯಾಟಿನ್ನಿನಲ್ಲಿ ಏನೂ ತಿಳಿಯದವನು. 1300ರ ಇಂಗ್ಲಿಷಿನಲ್ಲಿ ದಡ್ಡ. ಆಮೇಲೆ ಅತಿ ನಾಜೂಕಿನವನು, ಆಮೇಲೆ ಸೂಕ್ಷ್ಮವಾಗಿ ನೋಡುವವನು, 1700ರ ನಂತರ ಹಿತವಾದದ್ದು, ಕೊನೆಗೆ ಒಳ್ಳೆಯವನು. 'ಸಿಲ್ಲಿ' ಮೊದಲು ದೇವರ ಆಶೀರ್ವಾದ ಇರೋನು. ಆಮೇಲೆ ಅಮಾಯಕ, ಆಮೇಲೆ ಅಯ್ಯೋ ಅನಿಸುವವನು, ಆಮೇಲೆ ದುರ್ಬಲ, ಕೊನೆಗೆ ಪೆದ್ದ. ನಗಬೇಡಿ, ನಮ್ಮ 'ಮುಗ್ಧ'ನೂ ನೈಸ್ ದಾರಿಯಲ್ಲೇ ಬಂದವನು. ಸಂಸ್ಕೃತದಲ್ಲಿ ಅವನು ದಿಕ್ಕುತಪ್ಪಿದವನು, ಬುದ್ಧಿ ಮಂಕಾದವನು. ಈಗ ಮಗುವಿನ ನಗುವಿಗೆ ಮುಗ್ಧ ಅಂತೀವಿ.

ಉಳಿದದ್ದು ಆಮೇಲೆ ಬರೆಯುತ್ತೇನೆ. ಕರೆಂಟ್ ಹೋಯಿತು.

ಸಿಂಧನೂರು ಭತ್ತ

ಟೀಚರ್, 'ಇನ್ ಕೈಂಡ್' ಅನ್ನೋದನ್ನೂ ಸೇರಿಸಿಕೊಳ್ಳಿ. ಬಿಎ ಓದುವಾಗ ಅರ್ಥಶಾಸ್ತ್ರದ ಪೇಪರಿನಲ್ಲಿ 'ವೇಜಸ್ ಇನ್ ಕೈಂಡ್' ಅಂತ ಬಂದಿತ್ತು. ನನ್ನ ಗೆಳೆಯ 'ದಯೆಯಿಂದ ಕೊಡುವ ಕೂಲಿ' ಅಂತ ಅರ್ಧ ಪುಟ ಬರೆದು ಬಂದ. ಅಲ್ಲಿ ಕೈಂಡ್ ಅಂದರೆ ಪದಾರ್ಥ, ದುಡ್ಡಿನ ಬದಲು ಕಾಳು.

ನಮ್ಮ ಕಡೆ ಹಿರಿಯರ ಕಾಲದಲ್ಲಿ ರಾಶಿ ಆದ ಮೇಲೆ ಕಣದಲ್ಲೇ ಕೂಲಿ ಅಳೆಯುತ್ತಿದ್ದರು. ಸೇರು ತುಂಬಿ, ಮೇಲೆ ಗೋಪುರ ಆಗಿ, ಕಾಳು ಸುತ್ತಲೂ ಜಾರಿ ಬೀಳೋ ಹಾಗೆ ಅಳೆಯೋರು ಇದ್ದರು. ಅಂಗೈಯಿಂದ ಸವರಿ ಕಂಠಮಟ್ಟ ಮಾಡಿ ಅಳೆಯೋರೂ ಇದ್ದರು. ಉಡಿಯೊಡ್ಡಿ ನಿಂತವರ ಕಣ್ಣು ಪೂರಾ ಆ ಅಂಗೈ ಮೇಲೆ. ಕೈಂಡ್ ಅನ್ನೋದರ ಎರಡು ಅರ್ಥವೂ ಅಲ್ಲೇ ಗೊತ್ತಾಗುತ್ತಿತ್ತು ಅನ್ನಿ.

ಆದರೆ ಗುಮಾಸ್ತರೇ, ಒಂದು ಅನುಮಾನ. ಸಾವಿರ ವರ್ಷದ ಹಿಂದೆ ಏನಿತ್ತು ಅಂತ ತಿಳಿದು ಏನು ಮಾಡೋದು? ಪದ ಇವತ್ತು ಏನು ಹೇಳುತ್ತೋ ಅದೇ ಅದರ ಅರ್ಥ ಅಲ್ವಾ? ನೈಸ್ ಅಂದವನಿಗೆ 'ನನ್ನನ್ನ ದಡ್ಡ ಅಂದ್ಯಾ' ಅಂತ ಜಗಳಕ್ಕೆ ಹೋಗೋಕೆ ಆಗುತ್ತಾ?

ನೌರಂಗ್ ದರ್ವಾಜ, ರಾಯಚೂರು

ಅಸ್ಸಲಾಮು ಅಲೈಕುಂ, ನಮಸ್ಕಾರ ಎಲ್ಲರಿಗೂ. ಗುಮಾಸ್ತ ಸಾಹೇಬರು ಕುಲದ ಕಡೆಯಿಂದ ಹೇಳಿದರು. ನಾನು ಹೊಟ್ಟೆಯ ಕಡೆಯಿಂದ ಹೇಳುತ್ತೇನೆ.

ನಮ್ಮ ಊರು ಗೊತ್ತಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು. 1948ರವರೆಗೆ ನಿಜಾಮರ ಆಡಳಿತ ಇತ್ತು, ಕಚೇರಿ ಕಾಗದ ಉರ್ದುವಿನಲ್ಲೇ. ಹಾಗಾಗಿ ದಯೆ ಅನ್ನೋದಕ್ಕೆ ನಮ್ಮ ಓಣಿಯಲ್ಲಿ ಪದಕ್ಕೆ ಬರ ಇಲ್ಲ. ಮೆಹರ್ಬಾನಿ, ರಹಮ್, ಕನಿಕರ, ಅಂತಃಕರಣ, ಬಾಯಿಗೆ ಯಾವುದು ಬರುತ್ತೋ ಅದು.

'ರಹಮ್' ಅರಬ್ಬಿ ಪದ. ಅದರ ಮೂಲದಲ್ಲೇ ಗರ್ಭಕೋಶ ಅನ್ನೋ ಅರ್ಥ ಇದೆ. ತಾಯಿಯ ಹೊಟ್ಟೆಗೂ ದಯೆಗೂ ಒಂದೇ ಮೂಲ. ಕನ್ನಡದಲ್ಲಿ ನಾವು ಏನಂತೀವಿ? ಕರುಳು ಚುರ್ ಅಂತು. ಕರುಳಿನ ಸಂಬಂಧ. ಕರುಳಿಲ್ಲದವನು. ನಮ್ಮ ನಾನಿಗೆ ಬಸ್ ಸ್ಟ್ಯಾಂಡಿನಲ್ಲಿ ಹಸಿದ ಕೂಸು ಕಂಡರೆ ಸಾಕು, ಕೈ ತಾನಾಗಿಯೇ ಹೊಟ್ಟೆಗೆ ಹೋಗುತ್ತಿತ್ತು. ಆಮೇಲೆ ಸೆರಗಿನ ಗಂಟಿಗೆ.

ಇಂಗ್ಲಿಷರೂ ಹೀಗೇ ಅನ್ನುತ್ತಿದ್ದರು ಅಂದರೆ ನಂಬ್ತೀರಾ? 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ, 'ಬವಲ್ಸ್ ಆಫ್ ಮರ್ಸೀಸ್' ಅಂತ ಇದೆ. ದಯೆಯ ಕರುಳನ್ನು ತೊಟ್ಟುಕೊಳ್ಳಿ ಅಂತ. ಗ್ರೀಕ್ ಮೂಲದಲ್ಲೂ ಒಳಗಿನ ಕರುಳು-ಗಿರುಳೇ. ಈಗಿನ ಇಂಗ್ಲಿಷ್ ಬೈಬಲ್‌ಗಳು ಕರುಳು ಬಿಟ್ಟು ಹೃದಯ ಅಂತಲೋ ಕಂಪ್ಯಾಷನ್ ಅಂತಲೋ ಬರೆಯುತ್ತವೆ. 'ಬವಲ್' ಅಂದರೆ ಈಗ ಅವರಿಗೆ ಡಾಕ್ಟರ ಹತ್ತಿರ ಹೇಳಿಕೊಳ್ಳೋ ಮಾತು ಮಾತ್ರ. ನಾವು ಕರುಳನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೆ ನನಗೆ ಖುಷಿ ಇದೆ.

ಇನ್ನೊಂದು. ಜೆಂಟಲ್ ಕಥೆಗೆ ನಮ್ಮ ಕಡೆಯ ಜೋಡಿ 'ಶರೀಫ್'. ಅರಬ್ಬಿಯಲ್ಲಿ ಉತ್ತಮ ಕುಲದವನು. ಈಗ ನಮ್ಮಲ್ಲಿ ಶರೀಫ್ ಹುಡುಗ ಅಂದರೆ ಯಾರ ತಂಟೆಗೂ ಹೋಗದವನು, ಅಪ್ಪ ಯಾರಾದರೂ ಆಗಿರಲಿ. ಪದ ಕುಲದಿಂದ ಗುಣಕ್ಕೆ ಇಳಿದು ಬಂದಿದೆ. ಇದನ್ನು ಇಳಿಯೋದು ಅನ್ನಬೇಕೋ ಏರೋದು ಅನ್ನಬೇಕೋ, ಸಾಹೇಬರೇ ಹೇಳಲಿ.

ಕುಷ್ಟಗಿ ಟೀಚರ್

ಅಬ್ಬಾ, ಎಲ್ಲರಿಗೂ ಥ್ಯಾಂಕ್ಸ್. ಎಲ್‌ಕೆಜಿ ಹೇಳಿದ್ದಕ್ಕೆ ಕ್ಲಾಸಿನಲ್ಲಿ ಅರ್ಧ ಗಂಟೆ ಗದ್ದಲ. ಆ ಹುಡುಗ 'ಜಾತಿ ಅಂದಿದ್ದ ಖರೆ ಆತು' ಅಂತ ಕಾಲರ್ ಏರಿಸಿಕೊಂಡು ತಿರುಗುತ್ತಿದ್ದಾನೆ.

ಗುಮಾಸ್ತ ಸರ್, ಉಳಿದದ್ದು ಬರೆಯಿರಿ. ಚಾರಿಟಿ, ಮರ್ಸಿ, ಪಿಟಿ ಬಾಕಿ ಇವೆ. ನಮಗೆ ಆಗಾಗ ಟ್ರೈನಿಂಗ್ ಇರುತ್ತೆ. ಅಲ್ಲಿ ಈಗ ಯಾರೂ ಸಿಂಪಥಿ ಅನ್ನೋದಿಲ್ಲ, ಎಲ್ಲಾ ಎಂಪಥಿ. 'ಸಿಂಪಥಿ ತಪ್ಪು, ಎಂಪಥಿ ಸರಿ' ಅಂತ ಸ್ಲೈಡ್ ತೋರಿಸುತ್ತಾರೆ. ಇವೆರಡಕ್ಕೆ ಅಷ್ಟು ವ್ಯತ್ಯಾಸ ಇದೆಯಾ?

ಹಳೇ ಗುಮಾಸ್ತ, ಬಳ್ಳಾರಿ

ಮೊದಲು ಸಿಂಧನೂರಿನವರಿಗೆ. ಪದದ ಇವತ್ತಿನ ಅರ್ಥ ಇವತ್ತಿನದೇ, ಒಪ್ಪಿದೆ. ನೈಸ್ ಅಂದವನ ಜೊತೆ ಜಗಳಕ್ಕೆ ಹೋಗಬೇಡಿ. ಆದರೆ ಹಳೇ ಪುಸ್ತಕ ಓದುವಾಗ ಹಳೇ ಅರ್ಥ ಬೇಕು. ಹಳೇ ಇಂಗ್ಲಿಷ್ ಪದ್ಯದಲ್ಲಿ ಕುರಿಗೆ 'ಸಿಲ್ಲಿ' ಅಂದರೆ ಪೆದ್ದು ಕುರಿ ಅಲ್ಲ, ಪಾಪದ ಕುರಿ. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನೆ ಪುಸ್ತಕದಲ್ಲಿ 'ಕೈಂಡ್ಲಿ ಫ್ರೂಟ್ಸ್ ಆಫ್ ದಿ ಅರ್ತ್' ಅಂತ ಬರುತ್ತೆ. ಭೂಮಿ ದಯೆಯಿಂದ ಕೊಟ್ಟ ಫಲ ಅಲ್ಲ, ಆಯಾ ಜಾತಿಗೆ ತಕ್ಕಂತೆ ಭೂಮಿ ಸಹಜವಾಗಿ ಬೆಳೆಯೋ ಫಲ.

'ಕೈಂಡ್ಲಿ' ಅಂದಕೂಡಲೇ ನನಗೆ ಆಫೀಸು ನೆನಪಾಗುತ್ತೆ. ಈ ಪದವನ್ನು ನನ್ನಷ್ಟು ಟೈಪ್ ಮಾಡಿದವರು ಬಳ್ಳಾರಿಯಲ್ಲಿ ಕಮ್ಮಿ. ಮೇಲಿನ ಸಾಹೇಬರಿಗೆ ಬರೆಯುವಾಗ ಅದು ಕೈ ಮುಗಿಯೋದು. ಕೆಳಗಿನವರಿಗೆ ಬರೆಯುವಾಗ ಗದರಿಸೋದು. 'ಕೈಂಡ್ಲಿ ಎಕ್ಸ್‌ಪ್ಲೇನ್' ಅಂತ ಮೆಮೊ. ಅರ್ಧ ಹಾಳೆ, ಕೆಳಗೆ ನೀಲಿ ಕಾರ್ಬನ್ ಪ್ರತಿ. ಜವಾನ ಟಪಾಲು ಪುಸ್ತಕ ತಂದು ಮೇಜಿನ ಮೇಲೆ ಇಟ್ಟು, ಸಹಿ ಎಲ್ಲಿ ಹಾಕಬೇಕು ಅಂತ ಬೆರಳು ಇಟ್ಟು ತೋರಿಸಿ, ಮುಖ ಆ ಕಡೆ ತಿರುಗಿಸಿಕೊಂಡು ನಿಲ್ಲುತ್ತಿದ್ದ. ಆ ಮುಖ ತಿರುಗಿಸಿಕೊಂಡದ್ದರಲ್ಲಿ ಇದ್ದ ದಯೆ ಮೆಮೊದ ಕೈಂಡ್ಲಿಯಲ್ಲಿ ಇರಲಿಲ್ಲ.

ಈಗ ನಿಮ್ಮ ಪಟ್ಟಿ. ನನ್ನದೊಂದು ಲೆಕ್ಕ ಇದೆ. ಮೇಲೆ ನಿಂತು ಕೆಳಗೆ ಬಗ್ಗಿ ಕೊಡೋ ದಯೆಗೆ ಯಾವ ಪದ ಇಟ್ಟರೂ ಅದು ಕಾಲ ಕಳೆದಂತೆ ಹುಳಿಯಾಗುತ್ತೆ.

'ಕಾಂಡಿಸೆನ್ಷನ್' ತಗೊಳ್ಳಿ. 18ನೇ ಶತಮಾನದಲ್ಲಿ ಅದು ಹೊಗಳಿಕೆ. ದೊಡ್ಡವರು ತಮ್ಮ ಅಂತಸ್ತು ಬಿಟ್ಟು ಚಿಕ್ಕವರ ಜೊತೆ ಸಲಿಗೆಯಿಂದ ಮಾತಾಡೋದು. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯಲ್ಲಿ ಕಾಲಿನ್ಸ್ ಅನ್ನೋ ಪಾದ್ರಿ ತನ್ನ ಒಡತಿಯ ಕಾಂಡಿಸೆನ್ಷನ್ ಹೊಗಳೋದೇ ಹೊಗಳೋದು. ಆಸ್ಟಿನ್ ಆಗಲೇ ನಗುತ್ತಿದ್ದಳು. ಈಗ ಅದು ಶುದ್ಧ ಬೈಗುಳ. 'ಪೇಟ್ರನೈಸ್' ಅನ್ನೋದಕ್ಕೂ ಅದೇ ಗತಿ, ಮೊದಲು ಆಶ್ರಯ ಕೊಡೋದು, ಈಗ ಕೀಳಾಗಿ ಕಾಣೋದು.

'ಪಿಟಿ' ಮತ್ತು 'ಪೈಟಿ' ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ನಿನ 'ಪಿಯೆಟಾಸ್' ಅಂದರೆ ದೇವರು, ಹೆತ್ತವರು, ನಾಡು ಇವರಿಗೆ ಸಲ್ಲಿಸಬೇಕಾದ ಋಣ. ಒಂದು ಮಗು ಭಕ್ತಿ ಆಯಿತು, ಇನ್ನೊಂದು ಅಯ್ಯೋ ಪಾಪ ಆಯಿತು. ಯಾರಾದರೂ ನಮ್ಮನ್ನು 'ಪಿಟಿ' ಮಾಡಿದರೆ ಈಗ ಸಿಟ್ಟು ಬರುತ್ತೆ, ಅಲ್ವಾ?

'ಚಾರಿಟಿ' ಲ್ಯಾಟಿನ್ನಿನ 'ಕಾರುಸ್' ಅನ್ನೋದರಿಂದ ಬಂದದ್ದು. ಪ್ರಿಯವಾದದ್ದು, ಬೆಲೆಬಾಳೋದು ಅಂತ ಅರ್ಥ. ಕ್ರೈಸ್ತರಲ್ಲಿ ಅದು ದೇವರ ಪ್ರೀತಿ. 1526ರಲ್ಲಿ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಆ ಜಾಗದಲ್ಲಿ ಚಾರಿಟಿ ಬಿಟ್ಟು ಸಾದಾ 'ಲವ್' ಹಾಕಿದ. ಕ್ಯಾಥೊಲಿಕ್ ವಿದ್ವಾಂಸ ಥಾಮಸ್ ಮೋರ್ ಕೆಂಡಾಮಂಡಲ ಆಗಿ ಅವನ ವಿರುದ್ಧ ಬರೆದ. ಒಂದು ಪದಕ್ಕೆ ಅಷ್ಟು ಜಗಳ. ಟಿಂಡೇಲನ ಮೇಲೆ ಧರ್ಮದ್ರೋಹದ ಆರೋಪ ಹೊರಿಸಿ 1536ರಲ್ಲಿ ಕುತ್ತಿಗೆ ಬಿಗಿದು ಕೊಂದು ಸುಟ್ಟರು. 1611ರ ಕಿಂಗ್ ಜೇಮ್ಸ್ ಬೈಬಲಿನವರು ಮತ್ತೆ ಚಾರಿಟಿ ತಂದರು. 1881ರ ಪರಿಷ್ಕರಣೆಯಲ್ಲಿ ಲವ್ ವಾಪಸ್ ಬಂತು, ಯಾಕಂದರೆ ಅಷ್ಟರಲ್ಲಿ ಚಾರಿಟಿ ಅಂದರೆ ಬಡವರಿಗೆ ಚಿಲ್ಲರೆ ಹಾಕೋದು ಅಂತ ಆಗಿಹೋಗಿತ್ತು. ಅಂದಹಾಗೆ ಬೈಬಲ್ಲನ್ನು ಕನ್ನಡಕ್ಕೆ ತರೋ ಕೆಲಸ ನಮ್ಮ ಬಳ್ಳಾರಿಯಲ್ಲೂ ನಡೆದಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ನೆಲೆಸಿದ. ಇಂಥ ಪದಗಳನ್ನೆಲ್ಲ ಇದೇ ಬಿಸಿಲಿನಲ್ಲಿ ಕೂತು ಕನ್ನಡಕ್ಕೆ ಹೊಂದಿಸಬೇಕಿತ್ತಲ್ಲ, ಅವನ ಪಾಡು ನೆನೆದರೆ ನನಗೆ ಪಿಟಿ ಅನಿಸುತ್ತೆ.

'ಮರ್ಸಿ' ಮಾತ್ರ ಪೇಟೆಯಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಕೂಲಿ, ಬೆಲೆ. ಮರ್ಚೆಂಟ್, ಕಾಮರ್ಸ್ ಅದರ ಬಳಗ. ದೀನರಿಗೆ ದಯೆ ತೋರಿದವರಿಗೆ ಪರಲೋಕದಲ್ಲಿ ಕೂಲಿ ಸಿಗುತ್ತೆ ಅಂತ ಪಾದ್ರಿಗಳು ಹೇಳಿ ಹೇಳಿ ಕೂಲಿಯೇ ದಯೆ ಆಯಿತು. ಫ್ರೆಂಚರು ಅದನ್ನೇ ಥ್ಯಾಂಕ್ಸ್ ಮಾಡಿಕೊಂಡರು. ನಮ್ಮಲ್ಲಿ ಗಲ್ಲು ಶಿಕ್ಷೆ ಆದವರು ರಾಷ್ಟ್ರಪತಿಗೆ ಹಾಕೋ ಮರ್ಸಿ ಪಿಟಿಷನ್ನಿನಲ್ಲಿ ಅದು ಉಳಿದಿದೆ.

ಎಂಪಥಿ ವಿಷಯ. ಅದು ಹಳೇ ಗ್ರೀಕ್ ತೂಕದ ಪದದ ಹಾಗೆ ಕಾಣುತ್ತೆ, ಆದರೆ ಇಂಗ್ಲಿಷಿಗೆ ಬಂದದ್ದು 1909ರಲ್ಲಿ. ಟಿಚನರ್ ಅನ್ನೋ ಮನಶ್ಶಾಸ್ತ್ರಜ್ಞ ಜರ್ಮನ್ ಪದವೊಂದಕ್ಕೆ ಸಮ ಅಂತ ಕಟ್ಟಿದ್ದು. ಆ ಜರ್ಮನ್ ಪದ ಇದ್ದದ್ದು ಕಲೆಯ ವಿಷಯಕ್ಕೆ. ಚಿತ್ರವನ್ನೋ ಕಂಬವನ್ನೋ ನೋಡುವಾಗ ನಮ್ಮ ಭಾವನೆಯನ್ನು ಅದರೊಳಗೆ ಹಾಕಿ ನೋಡೋದು. ಹಂಪಿಯಲ್ಲಿ ಒಡೆದ ಕಂಬದ ಮುಂದೆ ನಿಂತು ಎದೆ ಭಾರ ಆಗುತ್ತಲ್ಲ, ಮೊದಲು ಅದು ಎಂಪಥಿ. ಸಿಂಪಥಿ ಅಂದರೆ ಜೊತೆಗೆ ಮರುಗೋದು. ಕಂಪ್ಯಾಷನ್ ಅಂದರೆ ಜೊತೆಗೆ ನೋಯೋದು, ಕಂಪ್ಯಾಷನ್ ಲ್ಯಾಟಿನ್, ಸಿಂಪಥಿ ಗ್ರೀಕ್, ಅಷ್ಟೇ. ಸಿಂಪಥಿಗೆ ಈಗ ಸ್ವಲ್ಪ ಮೇಲಿನಿಂದ ನೋಡೋ ವಾಸನೆ ಹತ್ತಿದೆ, ಅದಕ್ಕೆ ನಿಮ್ಮ ಟ್ರೈನಿಂಗಿನವರು ಬಿಟ್ಟಿದ್ದಾರೆ. ಇನ್ನು ಕೆಲವು ವರ್ಷಕ್ಕೆ ಎಂಪಥಿಯನ್ನೂ ಬಿಟ್ಟು ಬೇರೆ ಸ್ಲೈಡ್ ತರುತ್ತಾರೆ, ನೋಡ್ತಿರಿ.

ರಾಯಚೂರಿನವರಿಗೆ: ಶರೀಫ್ ಏರಿದ್ದಾನೆ. ಅನುಮಾನ ಬೇಡ.

ಗವಿಮಠದ ದಾರಿ, ಕೊಪ್ಪಳ

ಗುಮಾಸ್ತ ಸರ್, ಮೇಲಿನಿಂದ ಕೊಡೋ ಪದ ಹುಳಿಯಾಗುತ್ತೆ ಅಂದಿರಲ್ಲ, ಅದಕ್ಕೆ ಕನ್ನಡದಲ್ಲೇ ಸಾಕ್ಷಿ ಇದೆ. ಧರ್ಮ. ಧರ್ಮಕ್ಕೆ ಕೊಟ್ಟದ್ದು ಅಂದರೆ ಪುಕ್ಕಟೆ. ಧರ್ಮಾಸ್ಪತ್ರೆ ಅಂದರೆ ಪುಕ್ಕಟೆ ಆಸ್ಪತ್ರೆ. ಅಲ್ಲಿಂದ 'ಧರ್ಮದೇಟು'. ಸಂತೆಯಲ್ಲಿ ಜೇಬುಗಳ್ಳ ಸಿಕ್ಕಿದರೆ ದಾರಿಯಲ್ಲಿ ಹೋಗೋರೆಲ್ಲ ಪುಕ್ಕಟೆ ಕೊಡೋ ಏಟು. ಪಾಪ ಅನ್ನೋದು ಉಲ್ಟಾ ದಾರಿ ಹಿಡಿಯಿತು. ಮಾಡಬಾರದ್ದನ್ನು ಮಾಡಿದ್ದು ಪಾಪ. ಆದರೆ ಬಿದ್ದ ಮಗು ಕಂಡರೆ ಮೊದಲು ಬಾಯಿಗೆ ಬರೋದು 'ಅಯ್ಯೋ ಪಾಪ'.

ಆದರೆ ಕೊಡೋ ಪದಗಳೆಲ್ಲ ಕೆಡುತ್ತವೆ ಅನ್ನೋದನ್ನು ನಾನು ಒಪ್ಪೋದಿಲ್ಲ. ದಾಸೋಹ ನೋಡಿ. ಜನವರಿ ಹೊತ್ತಿಗೆ ನಮ್ಮ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಜೋಳದ ರೊಟ್ಟಿ ಬರುತ್ತವೆ. ಬಡಿದು, ಕಟಕು ಆಗೋ ಹಾಗೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದದ್ದು. ಕೊಟ್ಟವರು ಯಾರು, ತಿಂದವರು ಯಾರು ಅಂತ ಯಾರೂ ಬರೆದಿಡೋದಿಲ್ಲ. ಕೊಟ್ಟವರೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಶರಣರ ಕಾಲದಿಂದ ಇರೋ ಪದ. ಹುಳಿಯಾಗಿದೆಯಾ?

ಹಳೇ ಗುಮಾಸ್ತ, ಬಳ್ಳಾರಿ

ಕೊಪ್ಪಳದವರೇ, ಒಳ್ಳೆ ಪದ ಎತ್ತಿದಿರಿ. ಆದರೆ ಬಿಡಿಸಿ ನೋಡಿ. ದಾಸೋಹಂ, ನಾನು ದಾಸ. ಕೊಡುವವನು ಅಲ್ಲಿ ಕೆಳಗೆ ನಿಂತಿದ್ದಾನೆ. ತಗೊಳ್ಳುವವನ ಮುಖಕ್ಕೆ ಹೊಡೆಯೋದು ಆ ಪದದಲ್ಲಿ ಏನೂ ಇಲ್ಲ, ಹಾಗಾಗಿ ಅದು ಅನ್ನ ಅನ್ನೋ ಅರ್ಥಕ್ಕೆ ಜಾರಿದರೂ ಕೆಡಲಿಲ್ಲ. ನನ್ನ ಲೆಕ್ಕ ಇನ್ನೂ ನಿಂತಿದೆ ಅಂತಲೇ ಹೇಳುತ್ತೇನೆ. ಧರ್ಮದೇಟು ಮಾತ್ರ ನನ್ನ ನಿಘಂಟಿನ ಅಂಚಿನಲ್ಲಿ ಬರೆದಿಟ್ಟುಕೊಂಡೆ.

ಸಿಂಧನೂರು ಭತ್ತ

ಗುಮಾಸ್ತರೇ, ಕೊನೇ ಪ್ರಶ್ನೆ. ಬೈಯೋ ಪದಗಳಲ್ಲಿ ಮೊದಲು ಒಳ್ಳೆಯದಾಗಿದ್ದದ್ದು ಇನ್ನೂ ಇವೆಯಾ? ನನ್ನ ಮಗನ ಶಾಲೆಯಲ್ಲಿ 'ಬುಲಿ' ಮಾಡಬಾರದು ಅಂತ ದೊಡ್ಡ ಬೋರ್ಡ್ ಹಾಕಿದ್ದಾರೆ. ಅದಕ್ಕೇನಾದರೂ ಕಥೆ ಇದೆಯಾ?

ಹಳೇ ಗುಮಾಸ್ತ, ಬಳ್ಳಾರಿ

ಇದೆ ಇದೆ. ಡಚ್ ಭಾಷೆಯಲ್ಲಿ ಪ್ರೇಮಿ ಅನ್ನೋ ಅರ್ಥದ ಒಂದು ಪದದಿಂದ ಬಂದದ್ದು ಅಂತಾರೆ. ಇಂಗ್ಲಿಷಿನಲ್ಲಿ 1530ರ ಸುಮಾರಿಗೆ ಕಾಣಿಸಿಕೊಂಡಾಗ 'ಬುಲಿ' ಅಂದರೆ ನಲ್ಲ, ನಲ್ಲೆ. ಹೆಣ್ಣಿಗೂ ಗಂಡಿಗೂ ಅನ್ನುತ್ತಿದ್ದರು. ಆಮೇಲೆ ಒಳ್ಳೆ ಗೆಳೆಯ, ಆಮೇಲೆ ಮೀಸೆ ತಿರುವಿ ಜಂಬ ಕೊಚ್ಚೋನು, 1700ರ ಹೊತ್ತಿಗೆ ತನಗಿಂತ ಬಲ ಕಮ್ಮಿ ಇರೋರನ್ನು ಹೆದರಿಸೋನು. ಶೇಕ್ಸ್‌ಪಿಯರ್ ಎರಡರ ನಡುವೆ ಸಿಗುತ್ತಾನೆ. ಅವನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಬಾಟಮ್ ಅನ್ನೋ ನೇಕಾರನನ್ನು ಜೊತೆಯವರು 'ಬುಲಿ ಬಾಟಮ್' ಅಂತ ಕರೆಯುತ್ತಾರೆ. ಅಲ್ಲಿ ಅದು 'ಏ ದೋಸ್ತಾ' ಅಂದ ಹಾಗೆ.